ಯಾರು ನೆಲೆಸಿದರು, ಯಾರು ನೆಲೆಗೊಳಿಸಿದರು?

ಈ ಸಂಚಿಕೆಗೆಂದು ಬಂದ ಅನುವಾದವೊಂದನ್ನು ತಿದ್ದುತ್ತ ಕೂತಿದ್ದೆ. ಉತ್ತರ ಕನ್ನಡದ ಘಟ್ಟದ ಮೇಲಿನ ನಾಲ್ಕು ತಾಲ್ಲೂಕುಗಳ, ಅಂದರೆ ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡಗಳ ಜನರ ಬಗ್ಗೆ ಇಂಗ್ಲಿಷಿನಲ್ಲಿ ಬರೆದ ಲೇಖನ ಅದು. ಅನುವಾದಿಸಿದಾಕೆ ಚುರುಕಿನ ಹುಡುಗಿ. ವಾಕ್ಯಗಳು ಸಲೀಸಾಗಿ ಓದಿಸಿಕೊಂಡು ಹೋಗುತ್ತವೆ. ಆದರೆ ಎರಡು ಪುಟ ದಾಟುವಷ್ಟರಲ್ಲಿ ಒಂದು ಪದ ಕಾಲಿಗೆ ತೊಡರತೊಡಗಿತು. ಟಿಬೆಟಿನವರು ಮುಂಡಗೋಡದಲ್ಲಿ ನೆಲೆಸಿದರು. ಸಿದ್ದಿಗಳು ಹಳಿಯಾಳದ ಕಾಡಿನಲ್ಲಿ ನೆಲೆಸಿದರು. ಸೂಪಾದವರು ರಾಮನಗರದಲ್ಲಿ ನೆಲೆಸಿದರು. ಕಾರ್ಖಾನೆಯ ಕಾರ್ಮಿಕರು ದಾಂಡೇಲಿಯಲ್ಲಿ ನೆಲೆಸಿದರು. ಮೂಲವನ್ನು ತೆಗೆದು ನೋಡಿದೆ. ನಾಲ್ಕೂ ಕಡೆ ಇದ್ದದ್ದು ಒಂದೇ ಕ್ರಿಯಾಪದ: ‘ಸೆಟ್ಲ್’.

ಅನುವಾದದಲ್ಲಿ ತಪ್ಪು ಹುಡುಕುವಂತಿಲ್ಲ. ನಿಘಂಟು ತೆರೆದರೆ ಅದೇ ಅರ್ಥ ಸಿಗುತ್ತದೆ. ಆದರೆ ಆ ನಾಲ್ಕು ವಾಕ್ಯಗಳಲ್ಲಿ ನಡೆದಿರುವ ಸಂಗತಿ ಒಂದೇ ಅಲ್ಲವೆಂದು ಆ ಸೀಮೆಯ ಯಾರನ್ನು ಕೇಳಿದರೂ ಹೇಳುತ್ತಾರೆ. ಒಬ್ಬರು ತಾವಾಗಿ ಬಂದವರು, ಒಬ್ಬರು ಓಡಿಬಂದವರು, ಒಬ್ಬರನ್ನು ಸರ್ಕಾರ ತಂದು ಇಳಿಸಿತು, ಇನ್ನೊಬ್ಬರ ಊರನ್ನೇ ನೀರು ನುಂಗಿತು. ಇಷ್ಟನ್ನೂ ಒಂದೇ ಪದ ಹೊತ್ತು ನಿಂತಿದೆಯೆಂದರೆ ಆ ಪದವನ್ನು ಒಮ್ಮೆ ಇಳಿಸಿ ಬಿಚ್ಚಿ ನೋಡಬೇಕು ಅನ್ನಿಸಿತು.

ಹಳೆಯ ಇಂಗ್ಲಿಷಿನಲ್ಲಿ ‘ಸೆಟ್ಲ್’ ಎಂದರೆ ಕೂರುವ ಪೀಠ. ಎತ್ತರದ ಬೆನ್ನಿರುವ ಮರದ ಬೆಂಚಿಗೆ ಆ ಭಾಷೆಯಲ್ಲಿ ಇವತ್ತಿಗೂ ಅದೇ ಹೆಸರು. ಕೂರಿಸುವುದು, ಕೂರುವುದು ಎಂಬಲ್ಲಿಂದ ಹೊರಟ ಪದ ಸಾವಿರ ವರ್ಷಗಳಲ್ಲಿ ಬಹಳ ದೂರ ನಡೆದಿದೆ. ಇಂಗ್ಲಿಷಿನಲ್ಲಿ ಧೂಳು, ಹಿಮ, ಕೊಂಬೆಯ ಮೇಲಿನ ಹಕ್ಕಿ, ಚಹದ ಚರಟ, ಮನೆಯ ಅಡಿಪಾಯ, ಕಲಕಿದ ಮನಸ್ಸು, ಅಂಗಡಿಯ ಸಾಲ, ದಾಯಾದಿಗಳ ವ್ಯಾಜ್ಯ ಇವೆಲ್ಲಕ್ಕೂ ಅದೇ ಕ್ರಿಯಾಪದ ಸಾಕಾಗುತ್ತದೆ. ಕನ್ನಡದಲ್ಲಿ ಒಂದೊಂದಕ್ಕೂ ಅದರದೇ ಮಾತು ಬೇಕು. ಧೂಳು ಅಡಗುತ್ತದೆ, ಚರಟ ತಳಕ್ಕಿಳಿಯುತ್ತದೆ, ಕಲಕಿದ ನೀರು ತಿಳಿಯಾಗುತ್ತದೆ, ಸಾಲ ತೀರುತ್ತದೆ, ಜಗಳ ಬಗೆಹರಿಯುತ್ತದೆ, ಮನಸ್ಸು ಹದಕ್ಕೆ ಬರುತ್ತದೆ. ಹೊಸ ಪಾಯ ತುಂಬಿ ಒಂದು ಮಳೆಗಾಲ ಕಳೆದ ಮೇಲೆ ಗೌಂಡಿ ಕಾಲಿನಿಂದ ಒತ್ತಿ ನೋಡಿ ‘ಮಣ್ಣು ಕೂತೈತ್ರಿ’ ಅನ್ನುತ್ತಾನೆ. ಆಗ ಮಾತ್ರ ನಮ್ಮ ಪದವೂ ಇಂಗ್ಲಿಷಿನ ಮೂಲದ ಹತ್ತಿರ ಬಂದು ಕೂರುತ್ತದೆ.

ಇಂಗ್ಲಿಷ್ ಲೇಖಕರಿಗೆ ಈ ಪದ ಪ್ರಿಯವಾದದ್ದು ಅದರ ಈ ಅಗಲದಿಂದಲೇ. ಜಗಳ ಮುಗಿದ ಮನೆಯ ಕಿಟಕಿಯಲ್ಲಿ ಧೂಳು ಇಳಿಯುವುದನ್ನು ಬರೆದರೆ ಸಾಕು, ಜಗಳವೂ ಇಳಿಯಿತೆಂದು ಬೇರೆ ಹೇಳಬೇಕಿಲ್ಲ; ಒಂದೇ ಕ್ರಿಯಾಪದ ಎರಡೂ ಕೆಲಸ ಮಾಡುತ್ತದೆ. 1813ರಲ್ಲಿ ಪ್ರಕಟವಾದ ‘ಪ್ರೈಡ್ ಆಂಡ್ ಪ್ರೆಜುಡಿಸ್’ ಕಾದಂಬರಿಯಲ್ಲಿ ಐದು ಹೆಣ್ಣುಮಕ್ಕಳ ತಾಯಿಗೆ ಒಂದೇ ಚಿಂತೆ: ಮಕ್ಕಳು ಒಳ್ಳೆಯ ಮನೆ ಸೇರಿ ‘ಸೆಟ್ಲ್’ ಆಗಬೇಕು. ಮದುವೆಯ ಹೊತ್ತಿಗೆ ಹೆಣ್ಣಿನ ಹೆಸರಿಗೆ ಮಾಡುವ ಆಸ್ತಿ ಕರಾರಿಗೂ ಆ ದೇಶದಲ್ಲಿ ‘ಸೆಟ್ಲಮೆಂಟ್’ ಎಂದೇ ಹೆಸರು. ಹೀಗಾಗಿ ಕಾದಂಬರಿಕಾರ್ತಿ ಜೇನ್ ಆಸ್ಟೆನ್ ಆ ಪದ ಬಳಸಿದಾಗಲೆಲ್ಲ ಅದರೊಳಗೆ ಮನೆ, ಮದುವೆ, ಹಣ, ನೆಮ್ಮದಿ ಒಟ್ಟಿಗೇ ಬಂದುಬಿಡುತ್ತವೆ. ‘ಮಗಳು ಸೆಟ್ಲ್ ಆದ್ಲು’ ಎಂದು ನಮ್ಮ ತಾಯಂದಿರು ಹೇಳುವಾಗ ಆ ಇನ್ನೂರು ವರ್ಷದ ಅರ್ಥಗಳೆಲ್ಲ ಹಾಗೇ ಕನ್ನಡದ ಅಂಗಳಕ್ಕೆ ಇಳಿದಿವೆ.

ನಮ್ಮ ಪದದ ಬೇರು ಬೇರೆ. ನಿಲ್ಲು, ನೆಲೆ, ನೆಲಸು ಇವು ಒಂದೇ ಬೇರಿನವು. ಇಂಗ್ಲಿಷಿನವನು ಕೂತಲ್ಲಿ ನೆಲೆಯಾದರೆ ಕನ್ನಡಿಗ ನಿಂತಲ್ಲಿ ನೆಲೆಯಾಗುತ್ತಾನೆ. ಹಳಗನ್ನಡ ಶಾಸನಗಳಲ್ಲಿ ಅರಸನ ರಾಜಧಾನಿಗೆ, ಅವನು ಬೀಡುಬಿಟ್ಟ ಜಾಗಕ್ಕೆ ‘ನೆಲೆವೀಡು’ ಎನ್ನುತ್ತಾರೆ. ಇದಕ್ಕಿಂತ ಆಳಕ್ಕೆ ಇಳಿದ ಪದ ‘ಒಕ್ಕಲು’. ಹೊಸ ಮನೆಗೆ ಕಾಲಿಡುವುದು ಮನೆಯೊಕ್ಕಲು, ಬೇಸಾಯ ಒಕ್ಕಲುತನ, ಭೂಮಿ ಉಳುವ ಕುಟುಂಬ ಒಂದು ಒಕ್ಕಲು. ಮನೆ ಮತ್ತು ಹೊಲ ಎರಡೂ ಕೂಡಿದಾಗಲೇ ಬಾಳು ಊರಿತು ಎಂಬ ತಿಳಿವಳಿಕೆ ಆ ಪದದಲ್ಲಿದೆ. ಕಿತ್ತುಹಾಕುವ ಕೆಲಸಕ್ಕೂ ಕನ್ನಡ ಅದೇ ಬೇರಿನಿಂದ ಪದ ಕಟ್ಟಿತು: ಒಕ್ಕಲೆಬ್ಬಿಸು. ಆ ಪದ ಬಳಸಿದ ಕೂಡಲೇ ‘ಯಾರು ಎಬ್ಬಿಸಿದರು?’ ಎಂಬ ಪ್ರಶ್ನೆ ತಾನಾಗಿ ಏಳುತ್ತದೆ.

ಇಂಗ್ಲಿಷಿನ ‘ಸೆಟ್ಲ್’ ಈ ಪ್ರಶ್ನೆಯನ್ನು ಏಳಗೊಡುವುದಿಲ್ಲ. ಅದು ಅಕರ್ಮಕವೂ ಹೌದು, ಸಕರ್ಮಕವೂ ಹೌದು. ನಾನು ನೆಲೆಸಿದೆ ಎನ್ನುವುದಕ್ಕೂ ಸರ್ಕಾರ ನನ್ನನ್ನು ನೆಲೆಗೊಳಿಸಿತು ಎನ್ನುವುದಕ್ಕೂ ಪದದ ರೂಪ ಬದಲಾಗುವುದಿಲ್ಲ. ಕರ್ಮಣಿ ಪ್ರಯೋಗದಲ್ಲಿ ಬರೆದರೆ ಮಾಡಿದವನು ವಾಕ್ಯದಿಂದಲೇ ಮಾಯವಾಗುತ್ತಾನೆ. ಆಳುವವರಿಗೆ ಇಂಥ ಕ್ರಿಯಾಪದ ಬಹಳ ಅನುಕೂಲ.

ಹಾಗಾಗಿಯೇ ಈ ಸೀಮೆಗೆ ಆ ಪದ ಮೊದಲು ಕಾಲಿಟ್ಟದ್ದು ಸಾಹಿತ್ಯದ ಬಾಗಿಲಿನಿಂದಲ್ಲ, ಕಚೇರಿಯ ಬಾಗಿಲಿನಿಂದ. 1799ರಲ್ಲಿ ಟಿಪ್ಪು ಮಡಿದ ಮೇಲೆ ಈ ಸೀಮೆಯೂ ಸೇರಿದ್ದ ಕೆನರಾ ಈಸ್ಟ್ ಇಂಡಿಯಾ ಕಂಪನಿಯ ಕೈಗೆ ಬಂತು. ಕಲೆಕ್ಟರಾಗಿ ಬಂದ ಥಾಮಸ್ ಮನ್ರೋ ಮಾಡಿದ ಮೊದಲ ದೊಡ್ಡ ಕೆಲಸ ಭೂಕಂದಾಯದ ‘ಸೆಟ್ಲಮೆಂಟ್’. ಆಮೇಲೆ ಕೆನರಾ ಎರಡಾಗಿ, 1862ರಲ್ಲಿ ಉತ್ತರ ಭಾಗ ಮುಂಬಯಿ ಪ್ರಾಂತಕ್ಕೆ ಸೇರಿತು. ಮುಂಬಯಿಯವರು ತಮ್ಮ ಸರ್ವೆ ಸೆಟ್ಲಮೆಂಟ್ ತಂದರು. 1878ರ ಅರಣ್ಯ ಕಾಯಿದೆ ‘ಫಾರೆಸ್ಟ್ ಸೆಟ್ಲಮೆಂಟ್ ಆಫೀಸರ್’ ಎಂಬ ಹುದ್ದೆಯನ್ನು ಹುಟ್ಟಿಸಿತು. ಕಾಡಿನೊಳಗೆ ಯಾರಿಗೆ ಎಷ್ಟು ಹಕ್ಕು, ಯಾರಿಗೆ ಇಲ್ಲ ಎಂದು ಗೆರೆ ಎಳೆಯುವುದು ಆತನ ಕೆಲಸ. ಈ ಎರಡನ್ನೂ ನಮ್ಮ ಆಡಳಿತ ಕನ್ನಡ ಅನುವಾದಿಸಿಕೊಂಡ ರೀತಿ ಗಮನಿಸುವಂತಿದೆ. ಭೂಮಾಪನ ಇಲಾಖೆಯ ಪೂರ್ಣ ಹೆಸರಿನಲ್ಲಿ ಅದು ‘ಕಂದಾಯ ವ್ಯವಸ್ಥೆ’. ಕಾಡಿನ ಆ ಅಧಿಕಾರಿ ‘ಅರಣ್ಯ ವ್ಯವಸ್ಥಾಪನಾಧಿಕಾರಿ’. ನೆಲೆ ಎಂಬ ಪದದ ಸುಳಿವೇ ಇಲ್ಲ. ಅನುವಾದಿಸಿದವರು ಪ್ರಾಮಾಣಿಕರು ಎಂದೇ ನನ್ನ ಭಾವನೆ: ಅಲ್ಲಿ ನಡೆದದ್ದು ವ್ಯವಸ್ಥೆ ಮಾತ್ರ.

ಇದೇ ಪದದ ಕಹಿಯಾದ ಮುಖ ಇಲ್ಲಿಂದ ಎರಡು ತಾಸಿನ ದಾರಿಯಲ್ಲಿರುವ ಹುಬ್ಬಳ್ಳಿಯಲ್ಲಿದೆ. 1871ರ ಕ್ರಿಮಿನಲ್ ಟ್ರೈಬ್ಸ್ ಕಾಯಿದೆ ಕೆಲವು ಅಲೆಮಾರಿ ಸಮುದಾಯಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಬರೆಯಿತು. ಮುಂಬಯಿ ಸರ್ಕಾರ ಅವರನ್ನು ತಂದು ಕೂಡಿಹಾಕಿ, ದಿನವೂ ಹಾಜರಿ ಕೂಗುತ್ತಿದ್ದ ವಸತಿಗೆ ಇಟ್ಟ ಹೆಸರು ‘ಸೆಟ್ಲಮೆಂಟ್’. ಕಾಯಿದೆ 1952ರಲ್ಲಿ ರದ್ದಾಯಿತು. ಆದರೆ ಹುಬ್ಬಳ್ಳಿಯಲ್ಲಿ ಆ ಬಡಾವಣೆಗೆ ಜನ ಇನ್ನೂ ಸೆಟ್ಲಮೆಂಟ್ ಎಂದೇ ಅನ್ನುತ್ತಾರೆ. ಕೂರಿಸುವುದು ಎಂಬ ಮೂಲಾರ್ಥ ಅಲ್ಲಿ ಕೂಡಿಹಾಕುವುದು ಎಂದಾಗಿತ್ತು.

ಈ ಹಿನ್ನೆಲೆ ಇಟ್ಟುಕೊಂಡು ಆ ನಾಲ್ಕು ವಾಕ್ಯಗಳಿಗೆ ಮರಳುತ್ತೇನೆ.

ಮುಂಡಗೋಡದ ಟಿಬೆಟನ್ನರ ವಸತಿ ಶುರುವಾದದ್ದು 1966ರಲ್ಲಿ. ಎಸ್. ನಿಜಲಿಂಗಪ್ಪನವರು ಮುಖ್ಯಮಂತ್ರಿಯಾಗಿದ್ದಾಗ ಮೈಸೂರು ಸರ್ಕಾರ ಕಾಡಿನ ಜಾಗವನ್ನು ಗುತ್ತಿಗೆಯ ಮೇಲೆ ಕೊಟ್ಟಿತು. ಬಂದವರು ಕಾಡು ಸವರಿ ಗೋವಿನಜೋಳ, ಭತ್ತ ಬೆಳೆದರು. ಬಂಗಾಳದ ಬಕ್ಸಾದಲ್ಲಿ, ಒಂದು ಕಾಲಕ್ಕೆ ಸ್ವಾತಂತ್ರ್ಯ ಹೋರಾಟಗಾರರನ್ನು ಇಟ್ಟಿದ್ದ ಜೈಲಿನ ಕಟ್ಟಡದಲ್ಲಿ ದಿನ ದೂಡುತ್ತಿದ್ದ ಭಿಕ್ಷುಗಳು ಆಮೇಲೆ ಇಲ್ಲಿಗೆ ಬಂದು ಗಾಂದೆನ್, ಡ್ರೆಪುಂಗ್ ಮಠಗಳನ್ನು ಹೊಸದಾಗಿ ಕಟ್ಟಿದರು. ವಸತಿಯ ಟಿಬೆಟನ್ ಹೆಸರು ಡೋಗುಲಿಂಗ್. ಕಾಗದದಲ್ಲಿ ಅದು ಸೆಟ್ಲಮೆಂಟ್. ಸುತ್ತಲ ಹಳ್ಳಿಯವರ ಬಾಯಲ್ಲಿ ಮಾತ್ರ ಅದು ಮೊದಲಿನಿಂದಲೂ ‘ಕ್ಯಾಂಪ್’.

ಹುಬ್ಬಳ್ಳಿಯಿಂದ ಮುಂಡಗೋಡಕ್ಕೆ ಹೋಗುವ ಬಸ್ಸಿನಲ್ಲಿ ಒಮ್ಮೆ ನನ್ನ ಪಕ್ಕದಲ್ಲಿ ಕೂತಿದ್ದ ರೈತರೊಬ್ಬರು ಎದುರಿನ ಟಿಬೆಟನ್ ಹುಡುಗನನ್ನು ಮಾತಿಗೆ ಎಳೆದರು.

“ಯಾವೂರಪಾ ತಮ್ಮಾ ನಿಂದು?”

“ಆರ್ ನಂಬರ್ ಕ್ಯಾಂಪ್ ರೀ, ಕಾಕಾ.”

“ಅದಲ್ಲೋ, ಮೂಲ ಊರು?”

“ಅಜ್ಜಾರು ಟಿಬೆಟ್‌ದವ್ರ್ರಿ. ನಾ ಹುಟ್ಟಿದ್ದು ಇಲ್ಲೇ ಅಲ್ರೀ.”

ರೈತರು ತಲೆಯಾಡಿಸಿದರು. “ಹಂಗಾರ ನಮ್ಮಂವನ ಆದಿ ಬಿಡು” ಅಂದು ಚೀಲದಿಂದ ಎರಡು ಪೇರಲಕಾಯಿ ತೆಗೆದು ಅವನ ಕೈಗಿಟ್ಟರು.

ಆ ಹುಡುಗನಿಗೆ ಊರು ಎಂದರೆ ಆರನೇ ನಂಬರಿನ ಕ್ಯಾಂಪು. ನಮ್ಮ ಕಚೇರಿ ಕನ್ನಡದಲ್ಲಿ ಸಾಹೇಬರು ‘ಕ್ಯಾಂಪ್’ನಲ್ಲಿದ್ದಾರೆ ಎಂದರೆ ಇವತ್ತು ಇಲ್ಲಿ, ನಾಳೆ ಇನ್ನೆಲ್ಲೋ ಎಂದರ್ಥ. ಹೋಗಿಬಿಡುವವರ ಜಾಗಕ್ಕೆ ಇಟ್ಟ ಹೆಸರು ಆರು ದಶಕ ಕಳೆದರೂ ಹೋಗದೆ ಉಳಿದು ಊರಿನ ಹೆಸರಾಯಿತು. ಸಿಂಧನೂರು, ಗಂಗಾವತಿ ಕಡೆ ತುಂಗಭದ್ರೆಯ ನೀರನ್ನು ಅರಸಿ ಬಂದ ಆಂಧ್ರದ ರೈತರ ಊರುಗಳಿಗೂ ಹೀಗೆಯೇ ಕ್ಯಾಂಪು ಅಂಟಿದೆ. ಟಿಬೆಟನ್ನರ ಮಟ್ಟಿಗೆ ಆ ಪದ ಇನ್ನೂ ಪೂರ್ತಿ ಸುಳ್ಳಾಗಿಲ್ಲ. ಭೂಮಿ ಗುತ್ತಿಗೆಯದು, ನಿರಾಶ್ರಿತರೆಂಬ ನೋಂದಣಿ ಪತ್ರವನ್ನು ಕಾಲಕಾಲಕ್ಕೆ ನವೀಕರಿಸಿಕೊಳ್ಳಬೇಕು. ಅವರನ್ನು ಸರ್ಕಾರ ನೆಲೆಗೊಳಿಸಿತು ನಿಜ. ಅವರು ನೆಲೆಸಿದ್ದು ತಮ್ಮ ದುಡಿಮೆಯಿಂದ, ಮತ್ತು ಆ ರೈತರಂಥ ನೆರೆಹೊರೆಯಿಂದ.

ಜೋಯಿಡಾದ ಕಥೆ ಇದರ ತಿರುವು. ಹಳೆಯ ದಾಖಲೆಗಳಲ್ಲಿ ಆ ತಾಲ್ಲೂಕಿನ ಹೆಸರೇ ಸೂಪಾ. ಕಾಳಿ ಮತ್ತು ಪಾಂಡ್ರಿ ಕೂಡುವಲ್ಲಿದ್ದ ಸೂಪಾ ಪೇಟೆ ಕಾಳಿ ಜಲವಿದ್ಯುತ್ ಯೋಜನೆಗಾಗಿ ಮುಳುಗಿತು. 101 ಮೀಟರ್ ಎತ್ತರದ ಅಣೆಕಟ್ಟು, ಸುಮಾರು 147 ಟಿಎಂಸಿ ನೀರು. ರಾಜ್ಯದ ಮನೆಗಳಲ್ಲಿ ದೀಪ ಉರಿಯುವುದಕ್ಕೆ ಆ ನೀರು ಬೇಕಿತ್ತು. ಪೇಟೆಯವರು, ಸುತ್ತಲ ಹಳ್ಳಿಯವರು ರಾಮನಗರ ಮೊದಲಾದ ಕಡೆ ಹೋಗಬೇಕಾಯಿತು. ಸರ್ಕಾರಿ ಪತ್ರಗಳಲ್ಲಿ ಇದು ‘ಪುನರ್ವಸತಿ’. ಒಮ್ಮೆ ರಾಮನಗರದ ಚಹದಂಗಡಿಯಲ್ಲಿ ಒಬ್ಬ ಹಿರಿಯರನ್ನು ‘ಯಾವೂರ್ರೀ ಅಜ್ಜಾರ ನಿಮ್ದು?’ ಎಂದು ಕೇಳಿದ್ದೆ. ಅವರ ಮನೆಮಾತು ಕೊಂಕಣಿ. ನನಗೆಂದು ಕನ್ನಡದಲ್ಲಿ ಹೇಳಿದರು: “ಊರು ಸೂಪಾರಿ. ಇಲ್ಲಿ ಅದೀವಿ.” ನೆಲೆಸಿದ್ದೇವೆ ಅನ್ನಲಿಲ್ಲ, ಬಂದೆವು ಅನ್ನಲಿಲ್ಲ. ಊರು ಎಂಬ ನಾಮಪದ ನೀರಿನ ಕೆಳಗಿತ್ತು. ಇಲ್ಲಿ ಉಳಿದದ್ದು ‘ಇರು’ ಎಂಬ ಕ್ರಿಯಾಪದ ಒಂದೇ. ಆ ಎರಡು ಸಣ್ಣ ವಾಕ್ಯಗಳಿಗಿಂತ ಒಳ್ಳೆಯ ಅನುವಾದ ನನಗೆ ಎಲ್ಲೂ ಸಿಕ್ಕಿಲ್ಲ.

ಶರಾವತಿ ಕಣಿವೆಯ ಇದೇ ಸಂಕಟವನ್ನು ಬರೆದ ನಾ. ಡಿಸೋಜ ತಮ್ಮ ಕಾದಂಬರಿಗೆ ‘ಮುಳುಗಡೆ’ ಎಂದು ಹೆಸರಿಟ್ಟರು. ಅದು ಸಂತ್ರಸ್ತರ ಬಾಯಿಯ ಪದ. ಮಲೆನಾಡಿನಲ್ಲಿ ‘ಅವರು ಮುಳುಗಡೆಯವರು’ ಎಂದರೆ ಸಾಕು, ಒಂದು ಜೀವನ ಚರಿತ್ರೆಯೇ ಅದರಲ್ಲಿದೆ. ಪುನರ್ವಸತಿ ಎಂಬ ಪದ ಸರ್ಕಾರ ಕೊಟ್ಟದ್ದನ್ನು ಹೇಳುತ್ತದೆ, ಮುಳುಗಡೆ ಎಂಬುದು ಜನ ಕಳೆದುಕೊಂಡದ್ದನ್ನು. ಸಾಹಿತ್ಯ ಎರಡನೆಯದನ್ನು ಆರಿಸಿಕೊಂಡಿತು.

ಜೋಯಿಡಾದ ಕುಣಬಿಗಳ ಮೇಲೆ ಈ ಕ್ರಿಯಾಪದ ಇನ್ನೂ ಹಿಂದೆಯೇ ಎರಗಿತ್ತು. ಕಾಡಿನ ತುಂಡೊಂದನ್ನು ಕಡಿದು ಸುಟ್ಟು, ಒಂದೆರಡು ವರ್ಷ ರಾಗಿ ಬಿತ್ತಿ, ಅದನ್ನು ಮತ್ತೆ ಕಾಡಿಗೆ ಬಿಟ್ಟು ಮುಂದಿನ ತುಂಡಿಗೆ ಸರಿಯುವ ಕುಮರಿ ಬೇಸಾಯ ಅವರದು. ಬ್ರಿಟಿಷ್ ಅಧಿಕಾರಿಗಳಿಗೆ ಅದು ಅಲೆಮಾರಿತನವಾಗಿ ಕಂಡಿತು. 19ನೆಯ ಶತಮಾನದುದ್ದಕ್ಕೂ ಅದನ್ನು ಬಿಗಿಮಾಡುತ್ತ, ನಿಲ್ಲಿಸುತ್ತ ಬಂದರು. ಹೊಲ ಸರಿಯುತ್ತಿದ್ದರೂ ಕಾಡಿನ ಜೊತೆಗಿನ ಅವರ ನೆಲೆ ಅಲುಗಿರಲಿಲ್ಲ ಎಂಬುದು ‘ಸೆಟ್ಲ್’ ಎಂಬ ಪದದಿಂದ ಯೋಚಿಸುವವರ ಕಣ್ಣಿಗೆ ಬೀಳಲಿಲ್ಲ. ಇವತ್ತು ಜೋಯಿಡಾದ ಗೆಡ್ಡೆ ಗೆಣಸಿನ ಮೇಳದಲ್ಲಿ ಕುಣಬಿ ಹೆಂಗಸರು ಹರಡಿಟ್ಟ ಗೆಡ್ಡೆಗಳನ್ನು ಒಮ್ಮೆ ನೋಡಿದರೆ ಸಾಕು, ಆ ಮಣ್ಣಿನಲ್ಲಿ ಬೇರು ಬಿಟ್ಟವರು ಯಾರೆಂದು ತಿಳಿಯುತ್ತದೆ. 2015ರಿಂದ ಕಾಳಿ ಹುಲಿ ಸಂರಕ್ಷಿತ ಪ್ರದೇಶ ಎಂಬ ಹೆಸರು ಪಡೆದ ಕಾಡಿನೊಳಗಿನ ಹಳ್ಳಿಗಳಿಗೆ ಈಗ ‘ಸ್ವಯಂಪ್ರೇರಿತ ಸ್ಥಳಾಂತರ’ ಎಂಬ ಹೊಸ ಮಾತು ಬಂದಿದೆ. ಆ ಪದದಲ್ಲಿ ‘ಸ್ವಯಂ’ ಎಷ್ಟು, ‘ಪ್ರೇರಿತ’ ಎಷ್ಟು ಎಂಬುದನ್ನು ಮನೆ ಬಿಡುವವರೇ ಹೇಳಬೇಕು.

ಹಳಿಯಾಳ, ಯಲ್ಲಾಪುರ, ಮುಂಡಗೋಡದ ಸಿದ್ದಿಗಳನ್ನು ಯಾರೂ ನೆಲೆಗೊಳಿಸಲಿಲ್ಲ. ಆಫ್ರಿಕದಿಂದ ಗುಲಾಮರಾಗಿ ಪೋರ್ಚುಗೀಸರ ಗೋವೆಗೆ ಬಂದಿಳಿದವರಲ್ಲಿ ಅನೇಕರು ತಪ್ಪಿಸಿಕೊಂಡು ಈ ಕಾಡು ಹೊಕ್ಕರು. ನೆಲೆಸು ಎಂಬ ಪದದ ಪೂರ್ಣ ಹಕ್ಕುದಾರರು ಅವರು. ಏಕೆಂದರೆ ಅವರು ನಿಂತ ಕಡೆ ಅವರನ್ನು ನಿಲ್ಲಿಸಿದ್ದು ಅವರ ಕಾಲುಗಳೇ. ಅಂಥವರು ಪರಿಶಿಷ್ಟ ಪಂಗಡದ ಪಟ್ಟಿ ಸೇರಲು 2003ರ ತನಕ ಕಾಯಬೇಕಾಯಿತು. 2020ರಲ್ಲಿ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮಕರಣಗೊಂಡಾಗ ಆ ಸಮುದಾಯದ ದನಿ ಮೊದಲ ಸಲ ಸದನ ಮುಟ್ಟಿತು. ಎಮ್ಮೆಗಳ ಹಿಂದೆ ಹುಲ್ಲು ಅರಸಿ ಬಂದ ಗೌಳಿಗರೂ ಹಾಗೆಯೇ ತಾವಾಗಿ ನಿಂತವರು. ಅವರ ನೆಲೆಗೆ ಅವರದೇ ಹೆಸರುಗಳಿವೆ: ದಡ್ಡಿ, ಗೌಳಿವಾಡ.

ದಾಂಡೇಲಿಯ ಮಾತು ಮತ್ತೆ ಬೇರೆ. 1955ರಲ್ಲಿ ಸ್ಥಾಪನೆಯಾಗಿ 1959ರಲ್ಲಿ ಕಾಗದ ಹೊರತಂದ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್ ಒಂದು ಪಟ್ಟಣವನ್ನೇ ಕಟ್ಟಿತು. ಮಲಯಾಳ, ತೆಲುಗು, ಮರಾಠಿ, ಹಿಂದಿ, ಕೊಂಕಣಿ, ಉರ್ದು ಮಾತಾಡುವ ಮನೆಗಳು ಒಂದೇ ಸಾಲಿನಲ್ಲಿ ಬೆಳೆದವು. ಅಲ್ಲಿ ‘ಸೆಟ್ಲ್’ ಪ್ರಶ್ನೆಯಾಗಿಯೇ ಬರುತ್ತದೆ: “ರಿಟೈರ್ ಆದಮ್ಯಾಗ ಎಲ್ಲಿ ಸೆಟ್ಲ್ ಆಗಾವ್ರದೀರಿ?” ಮೂವತ್ತೈದು ವರ್ಷ ದುಡಿದು, ಮಕ್ಕಳನ್ನು ಓದಿಸಿ, ಮದುವೆ ಮಾಡಿದ ಊರಿನಲ್ಲಿ ನಿಂತು ಕೇಳುವ ಪ್ರಶ್ನೆ ಇದು. ಕ್ವಾರ್ಟರ್ಸಿನಲ್ಲಿ ಕಳೆದ ಬಾಳು ಲೆಕ್ಕಕ್ಕೆ ಬಂದಿಲ್ಲ ಎಂಬಂತೆ ‘ಸೆಟ್ಲ್’ ಯಾವಾಗಲೂ ಮುಂದಿನ ಊರಿನಲ್ಲಿರುತ್ತದೆ.

ಆಡುಗನ್ನಡ ಒಂದು ಜಾಣತನ ಮಾಡಿದೆ. ಇಂಗ್ಲಿಷಿನ ಈ ಕ್ರಿಯಾಪದವನ್ನು ಅದು ಬರಿದೇ ಸ್ವೀಕರಿಸಲಿಲ್ಲ, ‘ಆಗು’, ‘ಮಾಡು’ ಎಂಬ ಎರಡು ಗೂಟಗಳಿಗೆ ಕಟ್ಟಿತು. ಮಗ ಬೆಂಗಳೂರಿನಲ್ಲಿ ಸೆಟ್ಲ್ ಆಗುತ್ತಾನೆ. ಹಿರಿಯರು ಕೂತು ಜಗಳ ಸೆಟ್ಲ್ ಮಾಡುತ್ತಾರೆ. ‘ಕಬ್ಬಿನ ಬಿಲ್ಲು ಸೆಟ್ಲ್ ಆತ್ರಿ’ ಎಂದು ಹಳಿಯಾಳದ ರೈತ ಹೇಳಿದರೆ ದುಡ್ಡು ಕೈಗೆ ಬಂದಿದೆ ಎಂದರ್ಥ. ಆದದ್ದು ಯಾವುದು, ಮಾಡಿದ್ದು ಯಾವುದು ಎಂಬುದನ್ನು ಇಂಗ್ಲಿಷ್ ಮುಚ್ಚಿಟ್ಟರೆ ಕನ್ನಡ ಬಿಚ್ಚಿಟ್ಟಿತು. ಓದಿದವರ ಬರಹಗನ್ನಡ ಕಲಿಯಬೇಕಾದದ್ದು ಈ ಪಾಠವನ್ನೇ.

ಏಕೆಂದರೆ ಇದು ಬರೀ ಪದದ ವಿಚಾರವಲ್ಲ. ಇದೇ ಜಿಲ್ಲೆಯಲ್ಲಿ ಕಾಡಿನಂಚಿನಲ್ಲಿ ತಲೆಮಾರುಗಳಿಂದ ಬಾಳುತ್ತಿರುವ ಸಾವಿರಾರು ಕುಟುಂಬಗಳಿಗೆ ದಾಖಲೆಯ ಹೆಸರು ‘ಅತಿಕ್ರಮಣದಾರ’. 2006ರ ಅರಣ್ಯ ಹಕ್ಕು ಕಾಯಿದೆಯ ಪ್ರಕಾರ, ಬುಡಕಟ್ಟಿಗೆ ಸೇರದ ಅರಣ್ಯವಾಸಿಗಳು 2005ರ ಡಿಸೆಂಬರ್ 13ಕ್ಕೆ ಮೊದಲು ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲಿದ್ದುದನ್ನು ತೋರಿಸಬೇಕು. ಸರ್ಕಾರ ನಿಲ್ಲಿಸಿದರೆ ಅದು ಸೆಟ್ಲಮೆಂಟು, ತಾವೇ ನಿಂತರೆ ಅತಿಕ್ರಮಣ. ಎರಡರಲ್ಲೂ ಮನುಷ್ಯ ಮಾಡಿದ ಕೆಲಸ ಒಂದೇ: ನೆಲದ ಮೇಲೆ ನಿಂತು, ಒಲೆ ಹೂಡಿ, ಬೀಜ ಬಿತ್ತಿದ್ದು. ಹೆಸರನ್ನು ಮಾತ್ರ ಬರೆಯುವವನ ಲೇಖನಿ ತೀರ್ಮಾನಿಸುತ್ತದೆ. ನಮ್ಮ ಕೈಯಲ್ಲಿರುವುದೂ ಲೇಖನಿಯೇ ಆದ್ದರಿಂದ ಹೊಣೆ ನಮ್ಮ ಮೇಲೂ ಇದೆ.

ಅನುವಾದಕಿಯೊಡನೆ ಮಾತಾಡಿ ಆ ಲೇಖನವನ್ನು ಹೀಗೆ ತಿದ್ದಿದ್ದೇವೆ: ಮುಂಡಗೋಡದಲ್ಲಿ ಸರ್ಕಾರ ಟಿಬೆಟನ್ನರಿಗೆ ನೆಲೆ ಕೊಟ್ಟಿತು, ಸಿದ್ದಿಗಳು ಕಾಡು ಹೊಕ್ಕು ನೆಲೆಸಿದರು, ಸೂಪಾದವರನ್ನು ಒಕ್ಕಲೆಬ್ಬಿಸಿ ರಾಮನಗರಕ್ಕೆ ಕಳಿಸಲಾಯಿತು, ಕಾರ್ಮಿಕರು ಕೆಲಸ ಅರಸಿ ಬಂದು ದಾಂಡೇಲಿಯಲ್ಲಿ ಉಳಿದರು. ಮೂರನೆಯ ವಾಕ್ಯದ ಕರ್ಮಣಿ ಪ್ರಯೋಗವನ್ನು ಆಕೆಯೇ ಮರುದಿನ ಫೋನು ಮಾಡಿ ತೆಗೆಸಿದಳು. ‘ಸೂಪಾದವರನ್ನು ಸರ್ಕಾರ ಒಕ್ಕಲೆಬ್ಬಿಸಿತು’ ಎಂದೇ ಅಚ್ಚಾಗಿದೆ.

ಓದುಗರಲ್ಲಿ ಒಂದು ಕೋರಿಕೆ. ನಿಮ್ಮ ಮನೆಯ ಹಿರಿಯರು ಈಗಿರುವ ಊರಿಗೆ ಬಂದ ಕಥೆಯನ್ನು ಯಾವ ಕ್ರಿಯಾಪದದಲ್ಲಿ ಹೇಳುತ್ತಾರೆ? ಬಂದೆವು ಎನ್ನುತ್ತಾರೋ, ನಿಂತೆವು, ಉಳಿದೆವು, ಸೇರಿಕೊಂಡೆವು ಎನ್ನುತ್ತಾರೋ, ಅಥವಾ ರಾಮನಗರದ ಆ ಅಜ್ಜನಂತೆ ‘ಇಲ್ಲಿ ಅದೀವಿ’ ಎಂದಷ್ಟೇ ಹೇಳಿ ಸುಮ್ಮನಾಗುತ್ತಾರೋ? ಕೊಂಕಣಿ, ಮರಾಠಿ, ಉರ್ದು, ಟಿಬೆಟನ್, ಯಾವ ಮನೆಮಾತಿನದಾದರೂ ಸರಿ, ಆ ಪದವನ್ನು ಅದರ ಕಥೆಯ ಸಮೇತ ನಮಗೆ ಬರೆದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ಅವುಗಳಿಗೆಂದು ನಾಲ್ಕು ಪುಟ ಖಾಲಿ ಇಟ್ಟಿದ್ದೇವೆ.